ನವಣೆ ಒಗ್ಗಿದ ದಿನ

"ಅಯ್ಯೋ, ಆ ಡಬ್ಬ ಚೀಲಕ್ಕೆ ಹಾಕಬೇಡಿ!"

ಅವಳು ಕೂಗಿದ ರಭಸಕ್ಕೆ ಧಾನ್ಯದಂಗಡಿಯವನ ಕೈ ನವಣೆ ಚೀಲದ ಮೇಲೆ ಗಾಳಿಯಲ್ಲೇ ನಿಂತುಬಿಟ್ಟಿತು.

"ಏನ್ರೀ ಇದು, ಹಾವು ಕಂಡ ಹಾಗೆ ಕಿರುಚ್ತೀರಲ್ಲ!"

"ಈಗಷ್ಟೇ ಅದರಲ್ಲಿ ಗೋಧಿ ಅಳೆದ್ರಿ..." ಅವಳ ಮುಖ ಕೆಂಪೇರಿತು. "ನನಗೆ ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ ಒಂದು ಚೂರು ಹೊಟ್ಟೆಗೆ ಹೋದ್ರೂ ಹಾಸಿಗೆ ಹಿಡೀತೀನಿ. ಅದು ಸಾಲದು ಅಂತ ಅಕ್ಕಿ, ಮೆಕ್ಕೆಜೋಳ, ಓಟ್ಸ್ ಕೂಡ ಒಗ್ಗಲ್ಲ."

"ಮತ್ತೆ ಹೊಟ್ಟೆಗೆ ಏನು ತಿಂತೀರಿ?"

"ಆಲೂಗಡ್ಡೆ."

"ರಾತ್ರಿಗೆ?"

"ಗೆಣಸು. ಬಾಯಿಗೆ ಬದಲಾವಣೆ ಬೇಡ್ವಾ?"

ಅವನು ಗೊಳ್ಳೆಂದು ನಕ್ಕ. ಆಮೇಲೆ ಕೈ ತೊಳೆದುಕೊಂಡು ಬಂದು, ಒಳಗಿದ್ದ ಹೊಸ ಚೀಲದ ಹೊಲಿಗೆ ಬಿಚ್ಚಿ, ಬಿಳಿ ತಟ್ಟೆಯ ತುಂಬ ನವಣೆ ಸುರಿದು, ಅಂಗಡಿಯ ಹೊರಗಿನ ಬೆಂಚಿನ ಮೇಲಿಟ್ಟ.

"ಬನ್ನಿ, ಹುಡುಕೋಣ. ಚೀಲ ತುಂಬುವಾಗಲೇ ಬೇರೆ ಕಾಳು ಸೇರಿರುತ್ತೆ."

ಅವಳು ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವವಳು. ಕೂದಲೆಳೆಯಷ್ಟು ಗೀರೂ ಅವಳ ಕಣ್ಣು ತಪ್ಪಿಸುವಂತಿರಲಿಲ್ಲ. ಆದರೆ ಇವತ್ತು ಕಣ್ಣು ಕಾಳು ಬಿಟ್ಟು ಪಕ್ಕದಲ್ಲಿದ್ದ ಅವನ ಬೆರಳುಗಳ ಕಡೆಗೇ ಜಾರುತ್ತಿತ್ತು!

"ಸಿಕ್ಕಿಬಿದ್ದ ಕಳ್ಳ! ಗೋಧಿ!" ಅಂದ ಅವನು.

"ಅದು ಹುಲ್ಲುಕಡ್ಡಿ ಕಣ್ರೀ."

ಇಬ್ಬರೂ ಒಟ್ಟಿಗೆ ಬಗ್ಗಿ ನೋಡಲು ಹೋಗಿ ಹಣೆಗೆ ಹಣೆ ಡಿಕ್ಕಿ ಹೊಡೆಯಿತು. ನೋವಾಯಿತೋ ಇಲ್ಲವೋ, ಅವಳಿಗೆ ನೆನಪಿಲ್ಲ.

ಡಾಕ್ಟರ್ ಹೇಳಿದ್ದು ಇಷ್ಟೇ: ಹೊಸ ಧಾನ್ಯ ಒಂದೇ ಒಂದು, ಸ್ವಲ್ಪ ಸ್ವಲ್ಪ, ಕಾದು ನೋಡಬೇಕು. ದಿನಾ ಅವಳು ಕೆಲಸ ಮುಗಿಸಿ ಹೋಗುವಾಗ ಅವನು ಅಂಗಡಿಯಿಂದಲೇ ಕೇಳುತ್ತಿದ್ದ, "ಹೊಟ್ಟೆರಾಯ ಏನಂತಾನೆ?"

"ಇನ್ನೂ ಯೋಚಿಸ್ತಿದ್ದಾನಂತೆ!"

ಹೊಟ್ಟೆ ಯೋಚಿಸುತ್ತಲೇ ಇತ್ತು. ಮನಸ್ಸು ಮಾತ್ರ ಯಾವತ್ತೋ ತೀರ್ಮಾನ ಮಾಡಿಯಾಗಿತ್ತು...

ಕೊನೆಗೆ ಒಂದು ಸಂಜೆ ಡಾಕ್ಟರ್ ನಕ್ಕರು. "ಧೈರ್ಯವಾಗಿ ತಿನ್ನಮ್ಮ."

ಓಡಿದಳು! ಚಪ್ಪಲಿ ಕಾಲಲ್ಲಿದೆಯೋ ಇಲ್ಲವೋ ನೋಡದೆ ಓಡಿದಳು.

"ಒಗ್ಗಿತು ಕಣ್ರೀ! ನವಣೆ ಒಗ್ಗಿತು!"

ಅಂಗಡಿಯ ಮುಂದೆ ಲಾರಿಯ ಪಕ್ಕ ನಿಂತಿದ್ದವನ ಮುಖ ಅರಳಿತು. ಮರುಕ್ಷಣವೇ ಅವನು ಹಿಂದಕ್ಕೆ ಸರಿದ. ಅವಳು ಒಂದು ಹೆಜ್ಜೆ ಮುಂದಿಟ್ಟರೆ ಅವನು ಎರಡು ಹೆಜ್ಜೆ ಹಿಂದಿಟ್ಟ.

"ಅಲ್ಲೇ ನಿಲ್ಲಿ! ಹತ್ತಿರ ಬರಬೇಡಿ!"

ಅವಳು ಗಕ್ಕನೆ ನಿಂತಳು. ಹಿಂದೊಮ್ಮೆ ನೋಡಲು ಬಂದ ಗಂಡಿನ ತಾಯಿಯ ಮಾತು ಕಿವಿಯಲ್ಲಿ ಮೊಳಗಿತು... 'ನಮ್ಮನೇಲಿ ಒಂದು ತುತ್ತೂ ತಿನ್ನಲಾಗದವಳು ನಮಗ್ಯಾಕೆ?'

ಇವನೂ ಅಷ್ಟೇನಾ? ತಟ್ಟೆ ಮುಂದೆ ಕೂತಿದ್ದೆಲ್ಲ ಬರೀ ಕನಿಕರವಾ?

ತಿರುಗಿ ಓಡಿದಳು. ಅವನು ಹಿಂದಿನಿಂದ ಏನೋ ಕೂಗಿದ. ಅವಳು ಕೇಳಿಸಿಕೊಳ್ಳದೆ ಮನೆ ಸೇರಿದಳು.

"ಏನೇ, ಮುಖ ಸುಟ್ಟ ಬದನೆಕಾಯಿ ಆಗಿದೆ?" ಅತ್ತಿಗೆ ಕೇಳಿದಳು.

"ಏನಿಲ್ಲ ಅತ್ತಿಗೆ. ನನ್ನನ್ನ ಕಟ್ಟಿಕೊಂಡವರಿಗೆ ಬರೀ ರಗಳೆ ತಾನೆ..."

ಅಷ್ಟರಲ್ಲಿ ಕರೆಗಂಟೆ. ಅತ್ತಿಗೆ ಬಾಗಿಲು ತೆಗೆದವಳೇ ಬಾಯಿ ಮುಚ್ಚಿ ನಕ್ಕಳು. "ಬಾರೇ, ಯಾರನ್ನೋ ಕೆರೆಯಿಂದ ಎತ್ತಿ ತಂದು ನಿಲ್ಲಿಸಿದ ಹಾಗಿದೆ!"

ಅವನೇ! ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂಗಿಯ ಗುಂಡಿಗಳು ಒಂದಕ್ಕೊಂದು ತಾಳೆಯಿಲ್ಲ. ಅತ್ತಿಗೆ ಮೆಲ್ಲಗೆ ಒಳಗೆ ಸರಿದಳು.

"ಬೆಳಗ್ಗೆಯಿಂದ ಗೋಧಿಹಿಟ್ಟಿನ ಮೂಟೆ ಇಳಿಸ್ತಿದ್ದೆ ಕಣ್ರೀ," ಏದುಸಿರು ಬಿಡುತ್ತ ಅಂದ. "ರೆಪ್ಪೆ ಮೇಲೂ ಹಿಟ್ಟು! ಆ ಧೂಳು ನಿಮ್ಮ ಬಾಯಿಗೆ ಹೋಗಿದ್ರೆ? ಹೇಳೋಣ ಅಂದ್ರೆ ಓಡಿಬಿಟ್ರಿ."

ಅವಳ ಕಣ್ಣು ತುಂಬಿ ಬಂತು. "ಅದಕ್ಕೆ ಹಿಂದೆ ಸರಿದ್ರಾ?"

"ಮತ್ತೆ? ನೀವು ಬಂದ ರಭಸ ನೋಡಿ ಅಪ್ಪಿಕೊಂಡೇಬಿಡ್ತೀರಿ ಅಂತ ಹೆದರಿದೆ."

"ಯಾರು ಹೇಳಿದ್ದು!"

"ಅಪ್ಪಿಕೊಳ್ತಿರಲಿಲ್ವಾ?"

ಅವಳು ತಲೆ ತಗ್ಗಿಸಿದಳು. "...ಅಪ್ಪಿಕೊಳ್ತಿದ್ದೆ."

ಒಳಗೆ ಪಾತ್ರೆಯೊಂದು ಠಣ್ಣೆಂದು ಬಿತ್ತು. ಅತ್ತಿಗೆಯ ಕಿವಿ ಎಲ್ಲಿತ್ತೆಂದು ಇಬ್ಬರಿಗೂ ಗೊತ್ತಾಯಿತು.

"ಅಂಗಡಿ ಬಿಡೋಕಾಗಲ್ಲ ನಂಗೆ. ಗೋಧಿನೂ ಮಾರಲೇಬೇಕು," ಅವನು ಅಂದ. "ಆದ್ರೆ ನಮ್ಮ ಮನೆಯೊಳಗೆ ಅದು ಬರಲ್ಲ. ಅಮ್ಮನೂ ಒಪ್ಪಿದ್ದಾರೆ. ದಿನಾ ಸಂಜೆ ಸ್ನಾನ ಮಾಡಿಯೇ ನಿಮ್ಮ ಹತ್ತಿರ ಬರ್ತೀನಿ. ಜೀವನ ಪೂರ್ತಿ... ಆಗಬಹುದಾ?"

"ಚಳಿಗಾಲದಲ್ಲೂ?"

"ತಣ್ಣೀರಾದ್ರೂ ಸರಿ."

ಅವಳು ಸೆರಗಿನ ತುದಿಯಿಂದ ಅವನ ಹಣೆಯ ನೀರು ಒರೆಸಿದಳು.

"ತಣ್ಣೀರು ಯಾಕೆ... ನಾನು ಕಾಯಿಸಿಟ್ಟಿರ್ತೀನಿ."