ಮೂರು ಸಲ ಫೇಲಾದ ಮೆಕ್ಯಾನಿಕ್

ಬಸ್ ಡಿಪೋದ ಮೆಕ್ಯಾನಿಕ್‌ಗೆ ಮೂರನೆಯ ಪರೀಕ್ಷೆಯಲ್ಲೂ ಹತ್ತಕ್ಕೆ ಸೊನ್ನೆ ಬಂದಾಗ ಟೀಚರಮ್ಮನಿಗೆ ಅಳುವೇ ಬಂದುಬಿಟ್ಟಿತು.

ಟೀಚರಮ್ಮ ಎಂಬುದು ಅವಳ ಅಮ್ಮ ಇಟ್ಟ ಅಡ್ಡಹೆಸರು. ಮದುವೆಯ ಮಾತು ಬಂದಾಗಲೆಲ್ಲ ಮುಂದಿನ ವರ್ಷ ಎಂದು ಜಾರಿಕೊಂಡು, ಕೊನೆಗೆ ಸಂಬಳವಿಲ್ಲದ ಕೆಲಸಕ್ಕೆ ಸಮುದ್ರ ದಾಟಿದ ಮಗಳನ್ನು ಇನ್ನೇನೆಂದು ಕರೆಯುವುದು? ಪರದೇಶದ ಆ ಸಣ್ಣ ಊರಿನಲ್ಲಿ ಸೇವಾಸಂಸ್ಥೆಯವರು ಅವಳಿಗೆ ಶಾಲೆಯ ಮಹಡಿಯ ಮೇಲೊಂದು ಕೋಣೆ ಕೊಟ್ಟಿದ್ದರು. ಬೆಳಗ್ಗೆ ಮಕ್ಕಳಿಗೆ, ಸಂಜೆ ಐದಕ್ಕೆ ದೊಡ್ಡವರಿಗೆ ಇಂಗ್ಲಿಷ್ ಪಾಠ.

ದೊಡ್ಡವರ ಕ್ಲಾಸಿನಲ್ಲಿ ಎಂಟು ಜನ. ಎಪ್ಪತ್ತು ದಾಟಿದ ಟೈಲರ್ ತಾತನೂ ಪಾಸಾಗಿದ್ದ. ಬೇಕರಿಯಾಕೆ ಹತ್ತಕ್ಕೆ ಒಂಬತ್ತು ತೆಗೆದು, ಒಂದು ಅಂಕಕ್ಕಾಗಿ ಅರ್ಧ ಗಂಟೆ ಜಗಳವಾಡಿದ್ದಳು. ಮೆಕ್ಯಾನಿಕ್ ಒಬ್ಬನಿಗೆ ಮಾತ್ರ ಅಕ್ಷರ ಹತ್ತಲೊಲ್ಲದು.

ಹಾಗೆಂದು ಅವನೇನು ಸೋಮಾರಿಯಲ್ಲ. ಒದ್ದೆ ತಲೆ ಬಾಚಿಕೊಂಡು ಎಲ್ಲರಿಗಿಂತ ಮೊದಲೇ ಬಂದು ಕೂರುತ್ತಿದ್ದ. ಅವಳು ಪದ ಹೇಳಿಕೊಡುವಾಗ ಗಲ್ಲಕ್ಕೆ ಕೈಯಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ. ಪಾಪ, ಎಷ್ಟು ಗಮನ ಎಂದುಕೊಂಡು ಅವಳು ಅದೇ ಪದವನ್ನು ಇನ್ನೂ ನಿಧಾನವಾಗಿ ಹೇಳುತ್ತಿದ್ದಳು. ಅವನು ಇನ್ನೂ ನಿಧಾನವಾಗಿ ನೋಡುತ್ತಿದ್ದ.

ಅವನ ಪುಸ್ತಕ ತಿದ್ದಲು ಬಗ್ಗಿದಾಗ ಸೋಪಿನ ವಾಸನೆ, ಅದರ ಅಡಿಯಲ್ಲಿ ಸಣ್ಣಗೆ ಡೀಸೆಲ್. ತಿದ್ದುವುದು ಮುಗಿದ ಮೇಲೂ ಅವಳು ಒಂದೆರಡು ಕ್ಷಣ ಬಗ್ಗಿಯೇ ಇರುತ್ತಿದ್ದಳು. ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಕುರ್ಚಿಗಿರುವ ಇಂಗ್ಲಿಷ್ ಪದವನ್ನು ಅವನು ಐದು ಬಗೆಯಲ್ಲಿ ತಪ್ಪು ಬರೆದಿದ್ದ. ಒಂದು ತಪ್ಪಿನಂತೆ ಇನ್ನೊಂದಿರಲಿಲ್ಲ. ಅಷ್ಟು ಬಗೆಯಲ್ಲಿ ತಪ್ಪು ಬರೆಯಲು ಬುದ್ಧಿ ಬೇಕೆಂಬುದೂ ಆಗ ಹೊಳೆಯಲಿಲ್ಲ.

ಅವಳು ಒಪ್ಪಿ ಬಂದಿದ್ದ ಒಂದು ವರ್ಷದ ಅವಧಿ ಆ ವಾರಕ್ಕೆ ಮುಗಿಯುತ್ತಿತ್ತು; ಇರುವುದೋ ಹೋಗುವುದೋ ಬರೆದುಕೊಡಬೇಕಿತ್ತು. ಇನ್ನೊಂದು ವರ್ಷ ಇರಬೇಕೆಂದು ಅವಳಿಗೂ ಆಸೆಯಿತ್ತು. ಆದರೆ ಕಲಿಸಲು ಬಾರದವಳು ಯಾವ ಮುಖ ಹೊತ್ತು ಇರುವುದು? ರಾತ್ರಿಯೆಲ್ಲ ಹೊರಳಾಡಿ, ಬೆಳಗ್ಗೆ ವಾಪಸು ಹೋಗುವ ಅರ್ಜಿ ಬರೆದುಕೊಂಡು ಹೆಡ್ ಮೇಡಂ ಕೋಣೆಗೆ ಹೋದಳು. ವರ್ಷ ಪೂರ್ತಿ ಗುದ್ದಾಡಿದರೂ ಒಬ್ಬ ವಿದ್ಯಾರ್ಥಿಗೆ ನಾಲ್ಕಕ್ಷರ ಕಲಿಸಲಾಗಲಿಲ್ಲ ಎಂದು ಹೇಳಿಕೊಂಡಳು.

“ಯಾರಮ್ಮ ಅದು?”

“ಮೆಕ್ಯಾನಿಕ್.”

ಹೆಡ್ ಮೇಡಂ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಬೀರುವಿನಿಂದ ಒಂದು ಫೈಲು ತೆಗೆದು ಅವಳ ಮುಂದಿಟ್ಟರು. ಮೇಲಿದ್ದ ಪತ್ರ ಅವಳಿಗೆ ಗೊತ್ತಿದ್ದದ್ದೇ. ತಮ್ಮ ಊರಿಗೊಬ್ಬ ಟೀಚರ್ ಬೇಕೆಂದು ಶಾಲೆಯಿಂದ ಸಂಸ್ಥೆಗೆ ಬಂದಿದ್ದ ಪತ್ರ. ಹತ್ತಾರು ಊರುಗಳ ಪತ್ರಗಳ ನಡುವೆ ಇದರ ಚಂದದ ಇಂಗ್ಲಿಷಿಗೆ ಮರುಳಾಗಿಯೇ ಅವಳು ಈ ಊರನ್ನು ಆರಿಸಿಕೊಂಡಿದ್ದಳು.

“ಇದನ್ನ ಬರೆದವನು ಅವನೇ,” ಎಂದರು ಮೇಡಂ. “ಆರು ವರ್ಷ ಹಡಗಿನಲ್ಲಿ ಕೆಲಸ ಮಾಡಿದವನು. ನನ್ನ ಇಂಗ್ಲಿಷನ್ನೂ ಅವನೇ ತಿದ್ದೋದು.”

ಡಿಪೋ ತಲುಪುವಷ್ಟರಲ್ಲಿ ಟೀಚರಮ್ಮನ ಕಿವಿಯೆಲ್ಲ ಬಿಸಿಯಾಗಿತ್ತು. ಬಸ್ಸಿನ ಅಡಿಯಿಂದ ಎರಡು ಬೂಟುಗಳು ಮಾತ್ರ ಕಾಣುತ್ತಿದ್ದವು. ಬೂಟಾದರೂ ಸರಿ ಎಂದು ಬೈಯಲು ಶುರುಮಾಡಿದಳು, ಅದೂ ಇಂಗ್ಲಿಷಿನಲ್ಲಿ, ಕಷ್ಟದ ಪದಗಳನ್ನೇ ಹುಡುಕಿ ಹುಡುಕಿ. ಬೂಟುಗಳು ಅಲ್ಲಾಡದೆ ಎಲ್ಲವನ್ನೂ ಕೇಳಿಸಿಕೊಂಡವು.

“ಹೊರಗೆ ಬನ್ನಿ.”

“ಬೈದು ಮುಗಿಸಿ, ಬರ್ತೀನಿ,” ಎಂದಿತು ಅಡಿಯಿಂದ ಸ್ವಚ್ಛ ಇಂಗ್ಲಿಷ್.

“ಯಾಕೆ ಹೀಗೆ ಮಾಡಿದ್ರಿ?”

“ಪಾಸಾದವರಿಗೆ ಮುಂದಿನ ಕ್ಲಾಸು ಹೆಡ್ ಮೇಡಂ ತಗೋತಾರಲ್ಲ. ದಿನಾ ಸಂಜೆ ಅವರ ಮುಖ ನೋಡ್ಕೊಂಡು ಕೂರೋದು ನನ್ನ ಕೈಲಾಗಲ್ಲ.”

ಅವಳಿಗೆ ನಗು ಬಂತು. ಹಲ್ಲು ಕಚ್ಚಿ ತಡೆದಳು. ನಿಮ್ಮ ಸೊನ್ನೆಗಳನ್ನು ನೋಡಿ ನೋಡಿ, ನನಗೇ ಕಲಿಸಲು ಬರುವುದಿಲ್ಲವೆಂದು ಊರಿಗೆ ಹೊರಟಿದ್ದೇನೆ, ಅರ್ಜಿ ಕೈಯಲ್ಲೇ ಇದೆ ಎಂದಳು.

ಧಡ್ ಎಂದು ಸದ್ದಾಯಿತು. ಅವನು ಎದ್ದ ರಭಸಕ್ಕೆ ಹಣೆ ಕಬ್ಬಿಣಕ್ಕೆ ತಾಗಿತ್ತು. ತೆವಳಿಕೊಂಡು ಹೊರಬಂದಾಗ ಮುಖದಲ್ಲಿ ತುಂಟತನದ ಸುಳಿವೂ ಇರಲಿಲ್ಲ.

“ನೀವು ಒಳ್ಳೆ ಟೀಚರ್. ತಾತ ಈಗ ಮೊಮ್ಮಕ್ಕಳಿಗೆ ಇಂಗ್ಲಿಷಿನಲ್ಲಿ ಕಾಗದ ಬರೀತಾನೆ, ಗೊತ್ತಾ? ಹೋಗಲೇಬೇಕು ಅಂದ್ರೆ ಹೋಗಿ, ಆದರೆ ನನ್ನ ಕಳ್ಳಾಟ ನೋಡಿ ಹೋಗಬೇಡಿ.” ಅವನು ನೆಲ ನೋಡಿದ. “ನೀವಂದ್ರೆ ನನಗಿಷ್ಟ. ಪರೀಕ್ಷೇಲಿ ಅದನ್ನ ಕೇಳಿದ್ರೆ ಸರಿಯಾಗೇ ಬರೀತಿದ್ದೆ.”

ಅವನ ಹಣೆಯಿಂದ ಗ್ರೀಸು ಹುಬ್ಬಿಗಿಳಿಯುತ್ತಿತ್ತು. ಒರೆಸಲು ಕೈಯಲ್ಲಿ ಬಟ್ಟೆಯಿರಲಿಲ್ಲ, ಅರ್ಜಿಯಿತ್ತು. ಟೀಚರಮ್ಮ ಅದರಿಂದಲೇ ಒರೆಸಿದಳು, ನಿಧಾನವಾಗಿ, ಎರಡೂ ಬದಿ ಪೂರ್ತಿ ಕಪ್ಪಾಗುವವರೆಗೆ. ಅಂಥ ಅರ್ಜಿಯನ್ನು ಯಾವ ಆಫೀಸಿನವರೂ ತೆಗೆದುಕೊಳ್ಳುವುದಿಲ್ಲ.

“ನನಗೂ ಇಷ್ಟ,” ಎಂದಳು. “ಆದರೆ ಶುಕ್ರವಾರ ಪರೀಕ್ಷೆಗೆ ಕೂತು ಪಾಸಾಗಬೇಕು.”

ಹತ್ತಕ್ಕೆ ಹತ್ತು ತೆಗೆದ. ಬೇಕರಿಯಾಕೆಗೆ ಅನುಮಾನ ಬಂದು ಅವನ ಉತ್ತರಪತ್ರಿಕೆಯನ್ನು ಎರಡೆರಡು ಸಲ ತಿರುವಿ ನೋಡಿದಳು.

ಫೋನಿನಲ್ಲಿ ಸುದ್ದಿ ಕೇಳಿದ ಅಮ್ಮ ಕೇಳಿದ್ದು ಒಂದೇ: ಹುಡುಗನಿಗೆ ಕನ್ನಡ ಬರುತ್ತದೆಯೇ? ಬಾರದಿದ್ದರೆ ಕಲಿತು ಮಾತಾಡಲಿ, ಬಾಕಿಯದ್ದು ಆಮೇಲೆ ನೋಡೋಣ.

ಹೀಗೆ ಮೆಕ್ಯಾನಿಕ್ ಮತ್ತೆ ವಿದ್ಯಾರ್ಥಿಯಾದ. ಈ ಸಲ ನಿಜವಾದ ದಡ್ಡ. ‘ಊಟ ಆಯ್ತಾ’ ಎಂಬ ಎರಡೇ ಪದಕ್ಕೆ ವಾರವಿಡೀ ಬೆವರಿಳಿಸಿದ. ಭಾನುವಾರ ಫೋನ್ ಹಿಡಿದು, ಎದೆ ಸೆಟೆಸಿ, ಗಂಟಲು ಸರಿಮಾಡಿಕೊಂಡು ಕೇಳಿದ:

“ಅತ್ತೆ, ಓಟ ಆಯ್ತಾ?”

ಟೀಚರಮ್ಮ ಅವನ ತೋಳು ಹಿಡಿದು ಫೋನಿಗೆ ಕಿವಿಯೊಡ್ಡಿದಳು.

“ಈ ಮಂಡಿ ಇಟ್ಕೊಂಡು ಎಲ್ಲಿಯ ಓಟಪ್ಪ,” ಎಂದಳು ಅಮ್ಮ. “ನೀವಿಬ್ಬರೂ ಬನ್ನಿ, ನಿಧಾನಕ್ಕೆ ನಡೆಯೋಣ.”