ಹನ್ನೆರಡನೇ ಜೆಲ್

"ಮೂರನೇ ದಿನಕ್ಕೆ ನಿಮ್ಮ ಜೆಲ್ ನೀರಾಗತ್ತೆ ಮೇಡಂ. ಹೀಗಾದ್ರೆ ಗಾಯ ಮಾಗೋದು ಯಾವಾಗ?"

ಆಸ್ಪತ್ರೆಯ ಡ್ರೆಸ್ಸಿಂಗ್ ನರ್ಸ್ ಲ್ಯಾಬಿನ ಬಾಗಿಲಲ್ಲೇ ನಿಂತು ಕೇಳಿದ. ಒಳಗಿದ್ದವಳು ಕಡಲಪಾಚಿಯ ಅಂಟಿನಿಂದ ಗಾಯಕ್ಕೆ ಹಚ್ಚುವ ಜೆಲ್ ಮಾಡುವ ವಿಜ್ಞಾನಿ; ಇಡೀ ಕಟ್ಟಡಕ್ಕೆ 'ಪಾಚಿ ಮೇಡಂ'. ನಾಲ್ಕು ವರ್ಷದ ದುಡಿಮೆಗೆ ಒಂದೇ ಮಾತಲ್ಲಿ ಕಲ್ಲು ಹಾಕಿದನಲ್ಲ ಎಂದು ಅವಳ ಮೈಯೆಲ್ಲ ಉರಿಯಿತು.

"ಕುಣಿಯಲಾರದವರು ನೆಲ ಡೊಂಕು ಅಂದ್ರಂತೆ. ನನ್ನ ಬೀಕರಲ್ಲಿ ಅದು ಎರಡು ವಾರ ಗಟ್ಟಿಯಾಗಿರತ್ತೆ. ನೀವು ಕಟ್ಟೋದೇ ಸರಿಯಿಲ್ವೇನೋ!"

ಅವನು ಸಿಟ್ಟಾಗಲಿಲ್ಲ. "ನಾಳೆ ವಾರ್ಡಿಗೆ ಬನ್ನಿ. ಯಾವುದು ಡೊಂಕು ಅಂತ ನೋಡೇಬಿಡೋಣ," ಎಂದು ನಕ್ಕ. ನಗುವಾಗ ಅವನ ಎಡ ಹುಬ್ಬು ಮಾತ್ರ ಮೇಲೇರುತ್ತಿತ್ತು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿದ್ದದ್ದು ಅವನ ದೊಡ್ಡಮ್ಮ, ನಲವತ್ತು ವರ್ಷ ನೃತ್ಯ ಕಲಿಸಿದ ಟೀಚರ್. ಸಕ್ಕರೆ ಕಾಯಿಲೆಯಿಂದ ಹಿಮ್ಮಡಿಯ ಗಾಯ ಒಂಬತ್ತು ತಿಂಗಳಾದರೂ ಮುಚ್ಚಿರಲಿಲ್ಲ. ಇನ್ನು ಮೂರು ತಿಂಗಳಲ್ಲಿ ಮಾಗದಿದ್ದರೆ ಪಾದ ತೆಗೆಯಬೇಕೆಂದು ಸರ್ಜನ್ ಹೇಳಿಯಾಗಿತ್ತು.

ಅವನು ಬ್ಯಾಂಡೇಜ್ ಬಿಚ್ಚಿದ. ಅಷ್ಟು ಮೆತ್ತಗಿನ ಕೈ ಅವಳು ಕಂಡಿರಲಿಲ್ಲ. ಕಟ್ಟಿದ್ದರಲ್ಲಿ ಕುಂದು ಹುಡುಕಿದಳು, ಸಿಗಲಿಲ್ಲ. ಜೆಲ್ ಮಾತ್ರ ಲೋಳೆಯಾಗಿ ಹರಿದಿತ್ತು.

ಅವಳಿಗೆ ಥಟ್ಟನೆ ಹೊಳೆಯಿತು. ಜೆಲ್ಲಿನ ಎಳೆಗಳನ್ನು ಹಿಡಿದಿಡುವುದು ಕ್ಯಾಲ್ಸಿಯಂ. ಗಾಯ ಒಸರುವ ನೀರಿನ ಉಪ್ಪು ಅದನ್ನು ಹೊರದಬ್ಬುತ್ತದೆ. ಬೀಕರಿನಲ್ಲಿ ಜೆಲ್ ಸುತ್ತ ಇದ್ದದ್ದು ನಿಂತ ಉಪ್ಪುನೀರು. ಗಾಯ ಗಳಿಗೆಗಳಿಗೆಗೂ ಹೊಸದಾಗಿ ಒಸರುತ್ತಲೇ ಇರುತ್ತದೆ!

"ತಪ್ಪು ನನ್ನದೇ," ಎಂದಳು.

"ತಪ್ಪು ಒಪ್ಪಿಕೊಳ್ಳೋ ಮೇಡಂನ ಈಗ್ಲೇ ನೋಡ್ತಿರೋದು," ಎಂದರು ದೊಡ್ಡಮ್ಮ. "ಬಿಡಬೇಡ ಕಣೋ ಇವಳನ್ನ."

ನರ್ಸಿನ ಕಿವಿ ಕೆಂಪಾಯಿತು.

ಅಂದಿನಿಂದ ಅವನು ದಿನವೂ ಬ್ಯಾಂಡೇಜ್ ತೂಗಿ, ಗಾಯ ಎಷ್ಟು ಒಸರಿದೆ ಎಂದು ಬರೆದು ತರುತ್ತಿದ್ದ. ಅವಳು ಅಷ್ಟೇ ಉಪ್ಪುನೀರನ್ನು ಹೊಸ ಜೆಲ್ ಮೇಲೆ ಹನಿಹನಿಯಾಗಿ ಬಿಡುತ್ತಿದ್ದಳು. ಹನ್ನೊಂದು ಸಲ ಕರಗಿತು. ಹನ್ನೊಂದನೆಯದು ಕರಗಿದ ದಿನ ಅವಳು ಕೈಗವಸು ಕಿತ್ತೆಸೆದು ಕೂತುಬಿಟ್ಟಳು.

"ಇನ್ನೊಂದು ಮಾಡಿ. ಕಾಯ್ತೀನಿ," ಎಂದ.

"ಜೆಲ್‌ಗಾ?"

"ಅದಕ್ಕೂ."

ಅವಳು ತಲೆ ಎತ್ತಲಿಲ್ಲ. ಎತ್ತಿದ್ದರೆ ಮುಖವೇ ಎಲ್ಲ ಹೇಳಿಬಿಡುತ್ತಿತ್ತು.

ಹನ್ನೆರಡನೆಯದಕ್ಕೆ ಬೇರೆ ಜಾತಿಯ, ಗಡುಸು ಪಾಚಿ ಆರಿಸಿದಳು. ಕ್ಯಾಲ್ಸಿಯಂ ನಿಧಾನವಾಗಿ ಬೆರೆತು, ಎಳೆಯೆಳೆಯೂ ಸಮವಾಗಿ ಹೆಣೆದುಕೊಳ್ಳುವಂತೆ ಮಾಡಿದಳು. ಆಸ್ಪತ್ರೆಯ ಸಮಿತಿ ಪರೀಕ್ಷಿಸಿ ಒಪ್ಪಿದ ಮೇಲೆ ಅವನು ಗಾಯಕ್ಕೆ ಹಚ್ಚಿದ.

ಐದನೇ ದಿನ ಬೆಳಿಗ್ಗೆ ಇಬ್ಬರೂ ಉಸಿರು ಬಿಗಿಹಿಡಿದು ಬ್ಯಾಂಡೇಜ್ ಬಿಚ್ಚಿದರು. ಜೆಲ್ ಇಡಿಯಾಗಿತ್ತು. ಎಳೆದಾಡದೆ ಒಂದೇ ಹಾಳೆಯಂತೆ ಎದ್ದು ಬಂತು. ಕೆಳಗೆ ಎಳೆ ಕೆಂಪಿನ ಹೊಸ ಮಾಂಸ!

"ನೋವಾಯ್ತಾ ದೊಡ್ಡಮ್ಮ?"

"ಬಿಚ್ಚಿದ್ದೇ ಗೊತ್ತಾಗ್ಲಿಲ್ಲ!"

ಏಳನೇ ವಾರಕ್ಕೆ ಗಾಯ ಮುಚ್ಚಿತು. "ಪಾದ ಉಳೀತು," ಎಂದು ಸರ್ಜನ್ ಹೇಳಿದಾಗ ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು. ಪಾಚಿ ಮೇಡಂ ಕಾರಿಡಾರಿಗೆ ಓಡಿಬಂದು ಅತ್ತಳು, ಅಳುತ್ತಲೇ ನಕ್ಕಳು.

ಅವನು ಹಿಂದೆಯೇ ಬಂದ. "ಇನ್ನು ನಿಮಗೆ ಇಲ್ಲಿಗೆ ಬರೋಕೆ ಕಾರಣವೇ ಇಲ್ಲ."

"ಇದೆ."

"ಯಾರ ಗಾಯ?"

"ಯಾರದ್ದೂ ಅಲ್ಲ. ನಿಮ್ಮನ್ನ ನೋಡೋಕೆ ಬರ್ತೀನಿ. ನೀವು ನನಗೆ ತುಂಬಾ ಇಷ್ಟ. ಮದುವೆ ಆಗ್ತೀರಾ?"

ಅವನು ಅವಳ ಕೈ ಹಿಡಿದುಕೊಂಡ, ಅಷ್ಟೇ. ಒಳಗಿಂದ ದೊಡ್ಡಮ್ಮನ ದನಿ ಬಂತು: "ಅವಳು ಕೇಳಿದ್ದು ನಂಗೇ ಕೇಳಿಸ್ತು, ನಿನಗೆ ಕೇಳಿಸ್ಲಿಲ್ವೇನೋ? ಬಾಯಿ ಬಿಡೋ!"

"ಹೂಂ!" ಎಂದು ಅವನು ಕೂಗಿದ ರಭಸಕ್ಕೆ, ಆಚೆ ವಾರ್ಡಿನವರೂ ಬಾಗಿಲಿಗೆ ಬಂದರು.