ಸಂತೆ ದಿನದ ಕೊನೆಯ ರೀಲು

1998ರ ಜುಲೈ 25, ಶನಿವಾರ. ಸಂಜೆ ಐದರ ಸುಮಾರಿಗೆ ತ್ರಾಸಿಯ ಬಚ್ಚ ಮೊಗವೀರರು ತೊಯ್ದು ತೊಪ್ಪೆಯಾಗಿ ಠಾಣೆಯ ಮೆಟ್ಟಿಲು ಹತ್ತಿದರು. ಮೈಯಿಂದ ಮಳೆನೀರು ಇಳಿಯುತ್ತಿತ್ತು, ಅಂಗೈ ಮಾತ್ರ ಸುಟ್ಟು ಬೊಕ್ಕೆ ಎದ್ದಿತ್ತು. ಸ್ವಂತ ದೋಣಿ ಇರುವವರು, ಕೇರಿಯಲ್ಲಿ ಅವರ ಮಾತಿಗೆ ಎದುರಾಡುವವರು ಕಡಿಮೆ.

"ಸಾರ್, ನನ್ನ್ ಹೊಸ ಬಲೆ ಸುಟ್ ಹಾಕ್ದ."

"ಯಾರು?"

"ಮುತ್ತ. ನನ್ನ್ ದೋಣಿ ತಾಂಡೇಲ."

ಸಬ್ ಇನ್‌ಸ್ಪೆಕ್ಟರ್ ತಿಪ್ಪೇಸ್ವಾಮಿ ಪಕ್ಕಕ್ಕೆ ನೋಡಿದರು. ಚಳ್ಳಕೆರೆಯ ಈ ಮನುಷ್ಯ ಕರಾವಳಿಗೆ ಬಂದು ಮೂರು ತಿಂಗಳಾಗಿತ್ತು. ಇಲ್ಲಿಯವರ ಮಾತು ಅರ್ಧ ಕಿವಿಗೆ ಬೀಳುವಷ್ಟರಲ್ಲಿ ಇನ್ನರ್ಧ ಬಾಗಿಲು ದಾಟಿರುತ್ತದೆ ಎಂಬುದು ಅವರ ದೊಡ್ಡ ದೂರು. ಅದಕ್ಕೇ ಬ್ರಹ್ಮಾವರ ಕಡೆಯ ಹೆಡ್ ಕಾನ್‌ಸ್ಟೆಬಲ್ ಸೋಮನನ್ನು ಬಿಟ್ಟು ಅವರು ಕದಲುತ್ತಿರಲಿಲ್ಲ.

"ತಾಂಡೇಲ ಅಂದ್ರೆ ದೋಣಿಗೆ ಹಿರಿಯಾಳು ಸಾರ್. ಅವನು ಹೇಳಿದ ಕಡೆ ಬಲೆ ಬಿಡೋದು," ಎಂದ ಸೋಮ.

"ಬೆಂಕಿ ಇಟ್ಟದ್ದನ್ನು ಕಂಡವರು ಯಾರಾದರೂ ಇದ್ದಾರಾ?"

"ಕಂಡವ್ರ್ ಇಲ್ಲೆ. ನಿನ್ನೆ ನನ್ನೊಟ್ಟಿಗೆ ಜಗಳ ಆಡಿ, 'ನಿನ್ನ್ ಬಲೆಗೆ ಬೆಂಕಿ ಬೀಳ್ಲಿ' ಅಂದ. ಕೇರಿ ಜನ ಎಲ್ಲ ಕೇಂಡಿರ್. ಇವತ್ತ್ ಬೆಂಕಿ ಬಿತ್ತ್. ಇನ್ನೆಂತ ಬೇಕ್?"

ಭಾರತೀಯ ದಂಡ ಸಂಹಿತೆ 436ರ ಅಡಿ ಎಫ್‌ಐಆರ್ ದಾಖಲಾಯಿತು. ಕತ್ತಲಾಗುವ ಮೊದಲೇ ಸ್ಥಳ ಪಂಚನಾಮೆ ಮುಗಿಸಿದರು. ಕಡಲ ದಂಡೆಯ ಹಂಚಿನ ಕೊಟ್ಟಿಗೆ. ಒಳಗೆ ನೈಲಾನ್ ಬಲೆ ಕರಗಿ ಕಪ್ಪು ಗಡ್ಡೆಯಾಗಿತ್ತು. ಮೂಲೆಯಲ್ಲಿ ಸೀಮೆಎಣ್ಣೆ ವಾಸನೆಯ ಅರಿಷ್ಟದ ಬಾಟಲಿ. ಬೀಗ ಒಡೆದಿರಲಿಲ್ಲ, ಕೀಲಿ ಹಾಕಿಯೇ ತೆರೆದದ್ದು. ಆ ಕೀಲಿ ಬಚ್ಚರ ಮನೆಯ ದೇವರ ಗೂಡಿನಲ್ಲಿರುತ್ತದೆ, ಅದು ತಾಂಡೇಲನಿಗೆ ಗೊತ್ತು. ಹೊಗೆ ಕಂಡದ್ದು ನಾಲ್ಕು ಗಂಟೆಗೆ, ಬರಿಗೈಯಲ್ಲೇ ಬಲೆ ಎಳೆಯಲು ಹೋಗಿ ಬಚ್ಚರು ಅಂಗೈ ಸುಟ್ಟುಕೊಂಡಿದ್ದರು. ಜಡಿಮಳೆ ಹೊಡೆಯುತ್ತಿದ್ದುದರಿಂದ ಕೇರಿಯವರೆಲ್ಲ ಒಳಗಿದ್ದರು.

ದೀಪ ಹಚ್ಚುವ ಹೊತ್ತಿಗೆ ಮುತ್ತ ಖಾಲಿ ಬುಟ್ಟಿ ಹಿಡಿದು ಬಸ್ಸಿನಿಂದ ಇಳಿದ. ಯಾರೊಡನೆಯೂ ಮಾತಾಡುವ ಮೊದಲೇ ಸೋಮ ಅವನ ಕೈ ಹಿಡಿದ.

"ಎಲ್ಲಿದ್ದೆ ಇಷ್ಟು ಹೊತ್ತು?" ಎಂದು ಕೇಳಿದರು ತಿಪ್ಪೇಸ್ವಾಮಿ.

"ಹಾಲಾಡಿ ಸಂತೆಗ್ ಹೋಯಿದ್ದೆ ಸಾರ್. ಒಣಮೀನ್ ಮಾರುಕೆ."

"ಮೀನು ಮಾರಿದ್ದು ಎಷ್ಟು ಹೊತ್ತಿನ ತನಕ?"

"ಮಧ್ಯಾಹ್ನಕ್ಕೇ ಖಾಲಿ ಆಯ್ತ್. ಮತ್ತೆ ಟಾಕೀಸಿಗೆ ಹೋಯಿ ಪಿಚ್ಚರ್ ಕಂಡೆ."

ಯಾವ ಚಿತ್ರವೆಂದು ಕೇಳಿದಾಗ ತಿಪ್ಪೇಸ್ವಾಮಿಯವರ ಕಿವಿ ನೆಟ್ಟಗಾಯಿತು. ಹಳೆಯ ಕಪ್ಪು-ಬಿಳುಪು ಸಸ್ಪೆನ್ಸ್ ಚಿತ್ರ. ತಾನು ಮಾಡದ ಕೊಲೆಗೆ ಸಿಕ್ಕಿಬಿದ್ದ ಬಡ ಗುಮಾಸ್ತನೊಬ್ಬನ ಕತೆ. ಹಾಸ್ಟೆಲ್ಲಿನ ದಿನಗಳಲ್ಲಿ ಅವರು ಅದನ್ನು ಮೂರು ಸಲ ನೋಡಿದ್ದರು.

"ಹಾಗಾದರೆ ಹೇಳು, ಕೊಲೆ ಮಾಡಿದ್ದು ಯಾರು?"

ಮುತ್ತ ತಲೆ ಕೆರೆದುಕೊಂಡ. "ಗೊತ್ತಿಲ್ಲೆ ಸಾರ್. ಗುಮಾಸ್ತಂಗೆ ಕೋಳ ಹಾಕಿ ಜೀಪಿಗೆ ಹತ್ಸ್ರ್. ಬಸ್ ಹಾರ್ನ್ ಆಯ್ತ್. ಪಿಚ್ಚರ್ ಮುಗೀತ್."

"ಅಲ್ಲಿಗೇ ಮುಗೀತಾ?"

"ಮುಗೀತ್ ಸಾರ್."

ತಿಪ್ಪೇಸ್ವಾಮಿ ನಕ್ಕುಬಿಟ್ಟರು. ಆ ಚಿತ್ರ ನೋಡಿದವನು ತನ್ನ ಮದುವೆಯ ದಿನ ಮರೆತಾನು, ಆ ಕೊಲೆಗಾರನನ್ನು ಮರೆಯಲಾರ. ಮರುದಿನ ಸೋಮ ಹಾಲಾಡಿಗೆ ಹೋಗಿ ಟಾಕೀಸಿನ ಮಾಲೀಕ ಭೋಜರಾಜ ಶೆಟ್ಟರನ್ನು ವಿಚಾರಿಸಿದ. "ಪಿಚ್ಚರ್ ಪೂರ್ತಿ ತೋರ್ಸ್ತ್ರ್ಯಾ?" "ಪೂರ್ತಿಯೇ ತೋರ್ಸುದ್ ಮರಾಯ್ರೆ, ಮತ್ತೆಂತ ಅರ್ಧ ತೋರ್ಸುದಾ?" ಹೇಳಿಕೆಗೆ ಸಹಿ ಬಿತ್ತು. ಮುತ್ತ ನ್ಯಾಯಾಂಗ ಬಂಧನಕ್ಕೆ ಹೋದ.

ಹೋಗುವಾಗ ಅವನು ಕೇಳಿದ್ದು ಒಂದೇ ಮಾತು. "ನೂಲ ಹುಣ್ಣಿಮೆ ಒಳಗೆ ಬಿಡ್ತ್ರಾ ಸಾರ್?" ಆ ಹುಣ್ಣಿಮೆಗೆ ಸಮುದ್ರ ಪೂಜೆ ಮಾಡಿ ದೋಣಿಗಳು ಕಡಲಿಗಿಳಿಯುತ್ತವೆ. ಬಲೆ ಸುಟ್ಟವನೆಂಬ ಹೆಸರು ಹೊತ್ತ ತಾಂಡೇಲನ ಕೈಕೆಳಗೆ ಯಾವ ಮೊಗವೀರನೂ ದೋಣಿ ಹತ್ತುವುದಿಲ್ಲ. ಈ ವರ್ಷ ತಪ್ಪಿದರೆ ಮುಂದೆಂದೂ ಇಲ್ಲ.

ಆಗಸ್ಟ್ 1, ಶನಿವಾರ. ದೋಷಾರೋಪ ಪಟ್ಟಿ ಗಟ್ಟಿಯಾಗಿರಲಿ ಎಂದು ತಿಪ್ಪೇಸ್ವಾಮಿ ತಾವೇ ಹಾಲಾಡಿಗೆ ಹೋದರು. ಸಂತೆಯ ಗದ್ದಲ, ಕಾಲಿಗೆ ಕೆಸರು. ಶೆಟ್ಟರು ಊಟಕ್ಕೆ ಹೋಗಿದ್ದರು. ಮ್ಯಾಟಿನಿಯಲ್ಲಿ ಅದೇ ಚಿತ್ರ ನಡೆಯುತ್ತಿತ್ತು. ಕರ್ತವ್ಯದ ಮೇಲಿದ್ದೇನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಕಡಲೆಕಾಯಿ ಪೊಟ್ಟಣ ಹಿಡಿದು, ಬೆಂಚಿನಲ್ಲಿ ಸೋಮನ ಪಕ್ಕ ಕುಳಿತರು. ಬರಲಿರುವ ಕೊನೆಯ ಕೋರ್ಟ್ ದೃಶ್ಯ ನೆನೆದೇ ಅವರಿಗೆ ರೋಮಾಂಚನ.

ಪರದೆಯ ಮೇಲೆ ಗುಮಾಸ್ತನಿಗೆ ಕೋಳ ಬಿತ್ತು. ಜೀಪು ಹೊರಟಿತು. ಐದು ಗಂಟೆಗೆ ಹೊರಗೆ ಬಸ್ಸು ಉದ್ದಕ್ಕೆ ಹಾರ್ನ್ ಹೊಡೆಯಿತು. ಪರದೆ ಬೆಳ್ಳಗಾಯಿತು, ದೀಪ ಹತ್ತಿತು. ಒಬ್ಬರಾದರೂ ಶಿಳ್ಳೆ ಹಾಕಲಿಲ್ಲ, ಬೈಯಲಿಲ್ಲ. ಬುಟ್ಟಿ, ಚೀಲ, ಮಕ್ಕಳನ್ನು ಎತ್ತಿಕೊಂಡು ಎಲ್ಲರೂ ಬಾಗಿಲಿಗೆ ನುಗ್ಗಿದರು.

"ಏ, ಏನ್ರೀ ಇದು! ಕೊನೇ ರೀಲು ಎಲ್ಲಿ?" ತಿಪ್ಪೇಸ್ವಾಮಿ ಎದ್ದು ಕೂಗಿದರು.

ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ತಿರುಗಿ ನೋಡಿದಳು. "ಹ್ವಾಯ್, ನೀವ್ ಹೊಸಬ್ರಾ? ಸಂತೆ ದಿನ ಕೊನೆ ರೀಲ್ ಇಲ್ಲೆ. ಕೆರಾಡಿ ಬಸ್ ತಪ್ಪುತ್ ಅಲ್ದಾ!"

"ಮತ್ತೆ ಕೊಲೆ ಮಾಡಿದ್ದು ಯಾರು ಅಂತ ಗೊತ್ತಾಗೋದು ಬೇಡ್ವಾ?"

"ಅದನ್ ಕಾಂತಾ ಕೂಕಂಡ್ರೆ ಕೆರಾಡಿಗೆ ಕಾಡಲ್ ನಡ್ಕಂಡ್ ಹೋಯ್ಕ್. ಯಾರೋ ಒಬ್ಬ ಮಾಡಿರ್ತ, ಬಿಡಿ!" ಎಂದು ಓಡಿದಳು.

ಕಡಲೆಕಾಯಿ ಪೊಟ್ಟಣ ತಿಪ್ಪೇಸ್ವಾಮಿಯವರ ಕೈಯಿಂದ ಜಾರಿತ್ತು. ಅಷ್ಟರಲ್ಲಿ ಶೆಟ್ಟರು ಬಂದರು.

"ಪೂರ್ತಿ ತೋರಿಸ್ತೀವಿ ಅಂತ ಸಹಿ ಹಾಕಿದ್ದೀರಲ್ಲ ಶೆಟ್ರೇ?"

"ದಿನಾ ಪೂರ್ತಿಯೇ ಸಾರ್. ಸಂತೆ ದಿನ ಜನ ಬಪ್ಪುದೇ ತಡ, ಆಟ ಸುರುವಾಪ್ದೂ ತಡ. ನಿಮ್ಮವ್ರ್ ಸಂತೆ ದಿನ ಅಂದ್ ಕೇಣ್ಲಿಲ್ಲೆ, ನಾ ಹೇಳ್ಲಿಲ್ಲೆ. ಇದ್ ಊರ್ ಮಕ್ಕಳಿಗೂ ಗೊತ್ತಿಪ್ಪ ವಿಷ್ಯ!"

ಸೋಮ ತಲೆ ತಗ್ಗಿಸಿದ. ಹೆದ್ದಾರಿ ಬದಿಯ ಬ್ರಹ್ಮಾವರದಲ್ಲಿ ಬಸ್ಸಿಗೆ ಬರವಿಲ್ಲ. ಬಸ್ಸಿಗಾಗಿ ಚಿತ್ರ ಕತ್ತರಿಸುವ ಊರೊಂದಿದೆ ಎಂದು ಅವನಿಗೂ ಗೊತ್ತಿರಲಿಲ್ಲ. ಈ ಚಿತ್ರ ಹಾಲಾಡಿಗೆ ಬಂದ ಮೇಲೆ ಬಿದ್ದ ಮೊದಲ ಸಂತೆಯೇ ಜುಲೈ 25. ಅಂದು ಕೊನೆಯ ತನಕ ಬೆಂಚಿನ ಮೇಲೆ ಕುಳಿತವನಿಗೆ ಮಾತ್ರ ಚಿತ್ರ ಜೀಪಿನಲ್ಲಿ ಮುಗಿಯುತ್ತದೆ. ತ್ರಾಸಿಯಲ್ಲಿ ಹೊಗೆ ಎದ್ದ ನಾಲ್ಕು ಗಂಟೆಗೆ ಮುತ್ತ ಆ ಬೆಂಚಿನ ಮೇಲಿದ್ದ. ಯಾವ ಉತ್ತರಕ್ಕಾಗಿ ಮುತ್ತನನ್ನು ಒಳಗೆ ಹಾಕಿದ್ದರೋ ಅದೇ ಉತ್ತರ ಅವನ ನಿರಪರಾಧಿತ್ವಕ್ಕೆ ಸಾಕ್ಷಿಯಾಗಿತ್ತು.

"ದೇವರು ದೊಡ್ಡವನು ಕಣಯ್ಯಾ," ಎಂದರು ತಿಪ್ಪೇಸ್ವಾಮಿ. "ಕಡಲೆಕಾಯಿ ತಿನ್ನೋ ಚಪಲಕ್ಕೆ ಕೂತೆ. ಇಲ್ಲದಿದ್ರೆ ಒಬ್ಬನ ಬಾಳು ಹಾಳು ಮಾಡಿ ಪ್ರಮೋಷನ್ ಕೇಳ್ತಿದ್ದೆ."

ಮರುದಿನ ಬೆಳಿಗ್ಗೆ ಈ ಸುದ್ದಿ ಹೇಳಲು ಅವರು ಮುತ್ತನ ಮನೆಗೆ ಹೋದರು. ಅವನ ಹೆಂಡತಿ ಅಕ್ಕು ಕೈಮುಗಿದು ಅಳತೊಡಗಿದಳು.

"ನಿಮ್ಗೆ ಪುಣ್ಯ ಬತ್ತ್ ಸಾರ್. ನಿಮ್ಗೊಂದ್, ಪ್ರಭಾವತಕ್ಕಂಗೊಂದ್."

"ಯಾರು ಪ್ರಭಾವತಿ?"

"ಬಚ್ಚಣ್ಣನ ಹೆಂಡ್ತಿ. ಕೇರಿಯವ್ರ್ ನಮ್ಮೊಟ್ಟಿಗೆ ಮಾತ್ ಬಿಟ್ರೂ ಅವ್ರ್ ದಿನಾ ಗಂಜಿ, ಚಟ್ನಿ ತಂದ್ ಕೊಟ್ರ್. ಬಲೆ ಸುಟ್ಟದ್ ಅವ್ರದ್ದೇ ಆದ್ರೂ! ಅಂಥವ್ರ್ ಎಲ್ಲಿದ್ರ್ ಹೇಳಿ?"

"ಯಾವಾಗಿನಿಂದ ತರ್ತಿದ್ದಾರೆ?"

"ಇವ್ರನ್ನ್ ಹಿಡ್ಕಂಡ್ ಹೋದ್ ಮರ್ದಿನದಿಂದ. 'ಮುತ್ತ ಮಾಡ್ಲಿಲ್ಲೆ ಅಂದ್ ನಂಗ್ ಗೊತ್ತಿತ್ ಅಕ್ಕು' ಅಂದಿರ್."

ತಿಪ್ಪೇಸ್ವಾಮಿ ಸೋಮನ ಮುಖ ನೋಡಿದರು. ಗಂಡ ಮುತ್ತನೇ ಎಂದು ಎದೆ ತಟ್ಟಿ ದೂರು ಕೊಟ್ಟಿದ್ದಾನೆ. ಹೆಂಡತಿ ಮರುದಿನವೇ ಅಲ್ಲವೆಂದು ಬಲ್ಲಳು. ದೇವರ ಗೂಡಿನ ಕೀಲಿ ಅವಳ ಕೈಗೆಟಕುವಂಥದ್ದು. ಪಾಪ, ಅಕ್ಕುವಿಗೆ ತಾನೇನು ಹೇಳಿದೆನೆಂದು ತಿಳಿಯಲೇ ಇಲ್ಲ.

ಬಚ್ಚರ ಮನೆಯಲ್ಲಿ ಪ್ರಭಾವತಿ ಒಲೆಯ ಮುಂದಿದ್ದಳು. ಗೋಡೆಗೆ ಒರಗಿಸಿಟ್ಟ ಅರಿಷ್ಟದ ಬಾಟಲಿಗಳ ಸಾಲು. ಪಂಚನಾಮೆಯಲ್ಲಿ ವಶಪಡಿಸಿಕೊಂಡದ್ದೂ ಅದೇ ಜಾತಿಯದು. ತಿಪ್ಪೇಸ್ವಾಮಿ ಒಂದನ್ನು ಎತ್ತಿ ಮೂಸಿದರು: ಸೀಮೆಎಣ್ಣೆ. ಅವಳು ಕೈಯೊರೆಸಿಕೊಂಡು ಎದ್ದಳು.

"ನಾನೇ ಸಾರ್. ಬಲೆಗೆ ಬೆಂಕಿ ಇಟ್ಟದ್ ನಾನೇ."

ಜಗಲಿಯಲ್ಲಿದ್ದ ಬಚ್ಚರು ಒಳಗೆ ಬಂದರು. "ಎಂತ ಹೇಳ್ತೆ ನೀನ್?"

"ಯಾಕಮ್ಮಾ?" ಎಂದು ಕೇಳಿದರು ತಿಪ್ಪೇಸ್ವಾಮಿ.

ಅವಳು ಗೋಡೆಯ ಮೇಲಿನ ಫೋಟೋ ತೋರಿಸಿದಳು. ಮಾಲೆ ಹಾಕಿದ ಇಪ್ಪತ್ತರ ಹರೆಯದ ಮುಖ, ಹಿರಿಯ ಮಗ ಸುಜನ್. "ಎರಡ್ ವರ್ಷದ್ ಹಿಂದೆ ಕಡ್ಲಿಗ್ ಹೋದವ. ಹೆಣ ಹೊತ್ಕಂಡ್ ಬಂದವ ಮುತ್ತ. ಈ ಹುಣ್ಣಿಮೆಗೆ ಚಿಕ್ಕವನ್ನ್ ಕರ್ಕಂಡ್ ಹೋತೆ ಅಂದ್ರ್ ಇವ್ರ್. ಹೊಸ ಬಲೆ ತಂದದ್ದೂ ಅವನ್ಗೇ. ನಾ ಅತ್ತರೆ ಕೇಣ್ಲಿಲ್ಲೆ. ಮುತ್ತ ನನ್ನ್ ಪರ ಮಾತಾಡ್ದ, ಅದಕ್ಕೇ ಆ ಜಗಳ. ಬಲೆ ಇದ್ರೆ ಅಲ್ದಾ ಹೋಪುದ್ ಅಂದ್ಕಂಡೆ."

"ಮುತ್ತ ಜೈಲಿಗೆ ಹೋದಾಗ ಯಾಕೆ ಹೇಳಲಿಲ್ಲ?"

"ದಿನಾ ಹೇಳುಕಂದೇ ಅಕ್ಕು ಹತ್ರ ಹೋತಿದ್ದೆ. ಅವ್ಳ್ ಗಂಜಿ ಪಾತ್ರೆ ತಕಂಡ್, 'ನಿಮ್ಮ್ ಉಪ್ಕಾರ ಸಾಯುವರೆಗೆ ಮರೂದಿಲ್ಲೆ ಅಕ್ಕ' ಅಂತಿದ್ಲ್. ಬಾಯಿ ಕಟ್ಟಿ ಹೋತಿತ್. ನೀವ್ ಬಂದದ್ ಒಳ್ಳೇದಾಯ್ತ್ ಸಾರ್. ಇವತ್ತ್ ನಂಗ್ ನಿದ್ರಿ ಬತ್ತ್."

ಆಗಸ್ಟ್ 2, ಬೆಳಿಗ್ಗೆ ಹನ್ನೊಂದಕ್ಕೆ ಮಹಿಳಾ ಕಾನ್‌ಸ್ಟೆಬಲ್ ಸಮಕ್ಷಮ ಪ್ರಭಾವತಿಯನ್ನು ದಸ್ತಗಿರಿ ಮಾಡಲಾಯಿತು. ಮರುದಿನ ಅವಳನ್ನು ಕುಂದಾಪುರದ ನ್ಯಾಯಾಲಯದಲ್ಲಿ ಹಾಜರುಪಡಿಸಿ, ಅಲ್ಲಿಯೇ ತಿಪ್ಪೇಸ್ವಾಮಿ ಮುತ್ತನ ಬಿಡುಗಡೆಗೆ ವರದಿ ಸಲ್ಲಿಸಿದರು. ಹೊರಬಂದವನ ಎರಡೂ ಕೈ ಹಿಡಿದುಕೊಂಡರು.

"ತಪ್ಪಾಯ್ತು ಮುತ್ತಣ್ಣ. ದೊಡ್ಡ ತಪ್ಪಾಯ್ತು."

"ಹುಣ್ಣಿಮೆ ಒಳಗೇ ಬಿಟ್ರಿ ಅಲ್ದಾ ಸಾರ್, ಅಷ್ಟ್ ಸಾಕ್. ಒಂದ್ ಹೇಳಿ, ಕೊಲೆ ಮಾಡಿದ್ ಯಾರ್?"

ತಿಪ್ಪೇಸ್ವಾಮಿ ನಗುತ್ತ ಅವನ ಕಿವಿಯಲ್ಲಿ ಹೇಳಿದರು.

"ಅಬ್ಬ! ಅವನಾ?" ಮುತ್ತ ಬಾಯಿ ತೆರೆದು ನಿಂತ. ಅಷ್ಟರಲ್ಲಿ ಒಳಗಿನಿಂದ ಪ್ರಭಾವತಿಯ ಹೆಸರು ಕೂಗಿದರು. ಜಾಮೀನಿಗೆ ಯಾರಿದ್ದಾರೆ ಎಂದು ನ್ಯಾಯಾಧೀಶರು ಕೇಳಿದಾಗ ಬಚ್ಚರು ಬೆಂಚಿನಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದರು. ಮುತ್ತ ಮುಂಡು ಸರಿಮಾಡಿಕೊಂಡು ಕಟಕಟೆಯ ಹತ್ತಿರ ಹೋದ.

"ನಾ ಇದ್ದೆ ಸ್ವಾಮಿ."

"ಈ ಕೇಸಿನಲ್ಲೇ ಅಲ್ಲವೇನಯ್ಯಾ ನೀನು ಒಳಗಿದ್ದದ್ದು?"

"ಹೌದ್ ಸ್ವಾಮಿ. ನಾ ಒಳಗಿಪ್ಪತಿಗೆ ನನ್ನ್ ಮನೆ ಒಲೆ ಆರುಕ್ ಬಿಡ್ಲಿಲ್ಲೆ ಅವ್ರ್."

ಜಾಮೀನು ಮಂಜೂರಾಯಿತು. ತಿಪ್ಪೇಸ್ವಾಮಿ ಕೇಸ್ ಡೈರಿಯಲ್ಲಿ ಉದ್ದೇಶ ಎಂಬಲ್ಲಿ ಬರೆದದ್ದು ಇಷ್ಟೇ: ಆರೋಪಿತೆಗೆ ಯಾರ ಮೇಲೂ ದ್ವೇಷವಿರುವುದಿಲ್ಲ, ಉಳಿದ ಒಬ್ಬ ಮಗನನ್ನು ಉಳಿಸಿಕೊಳ್ಳುವುದು ಆಕೆಯ ಉದ್ದೇಶ.

ನೂಲ ಹುಣ್ಣಿಮೆಯ ದಿನ ಸಮುದ್ರಕ್ಕೆ ಹಾಲು ಹೊಯ್ದು ದೋಣಿಗಳು ಇಳಿದವು. ಬಚ್ಚರ ದೋಣಿಯಲ್ಲಿ ಎರವಲು ಬಲೆ, ತಾಂಡೇಲನ ಜಾಗದಲ್ಲಿ ಮುತ್ತ. ಚಿಕ್ಕ ಮಗ ದೋಣಿಗೆ ಕೈಯಿಟ್ಟು ನೂಕಿದ. ನೀರು ಮೊಣಕಾಲಿಗೆ ಬಂದಾಗ ಬಚ್ಚರು ಅವನ ಭುಜ ಹಿಡಿದು ದಂಡೆಯ ಕಡೆ ತಿರುಗಿಸಿದರು.

"ಮನೆಗ್ ಹೋಗ್ ಮಗ. ಅಮ್ಮ ಕಾಯ್ತಿತ್."